ಆಯಿಗೆ ಹಿಡಿಸಿದ ಕರಾಳ ಲೋಕ

ಅಮೆರಿಕದ ಬಹಳಷ್ಟು ಶಾಲೆಗಳಲ್ಲಿ ಹನ್ನೆರಡು ಹದಿಮೂರರ ಮಕ್ಕಳ ಕೈಗಿಡುವ ಕಾದಂಬರಿ ಲೋಯಿಸ್ ಲೌರಿಯ 'ದ ಗಿವರ್'. 1993ರಲ್ಲಿ ಬಂತು, ಮರುವರ್ಷವೇ ನ್ಯೂಬೆರಿ ಪದಕ ಗೆದ್ದಿತು. ಇಂಥದ್ದನ್ನು ಮಕ್ಕಳಿಗೆ ಓದಿಸಬಾರದೆಂದು ತಕರಾರು ತೆಗೆದ ಪಾಲಕರೂ ಕಡಿಮೆಯಿಲ್ಲ. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಅದನ್ನು ಓದಿ ಮುಗಿಸಿದ ಮಗಳು ಊಟ ಬಿಟ್ಟು ಕೂತಳು. ರಾತ್ರಿ ವಿಡಿಯೊ ಕಾಲ್‌ನಲ್ಲಿ ಅಳ್ನಾವರದ ಆಯಿಯ, ಅಂದರೆ ನನ್ನ ಅವ್ವನ, ಮುಂದೆ ದುಃಖ ತೋಡಿಕೊಂಡಳು. ಅಲ್ಲಾಗಲೇ ಬೆಳಗು, ಅವ್ವ ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿ ಮೆಂತ್ಯೆ ಸೋಸುತ್ತಿದ್ದಳು. ನಮಗೆ ಕಾಣುತ್ತಿದ್ದುದು ಅರ್ಧ ಕನ್ನಡಕ, ಮಿಕ್ಕಿದ್ದೆಲ್ಲ ಹೆಂಚು.

"ಆಯಿ, ಆ ಪುಸ್ತಕದ ಊರಾಗ ಹನ್ನೆರಡಕ್ಕ ಯಾರು ಏನು ಕೆಲಸ ಮಾಡಬೇಕಂತ ಹಿರೇರ ಠರಾವು ಮಾಡ್ತಾರ!"

"ನಿಮ್ಮಪ್ಪ ಎಂಜಿನಿಯರ್ ಆಗೂದು ತೊಟ್ಟಿಲದಾಗಿದ್ದಾಗ ಠರಾವಾಗಿತ್ತು. ಹನ್ನೆರಡರ ತನಕ ಯಾಕ ಕಾಯಬೇಕು?"

"ಮದಿವಿನೂ ಅವರ ಗೊತ್ತು ಮಾಡ್ತಾರ."

"ವರದಕ್ಷಿಣಿ?"

"ಇಲ್ಲ."

"ಭಾಳ ಚಲೋ ಮಂದಿ ಬಿಡು."

ದಿನಾ ಸಂಜೆ ಮನೆಮಂದಿಯೆಲ್ಲ ಕೂತು ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳಲೇಬೇಕೆಂಬ ಕಾಯಿದೆಯೂ ಅಲ್ಲಿದೆ. "ಅಂದ್ರ ಎಲ್ಲಾರೂ ಕೂಡೇ ಉಣ್ತಾರ! ನೀವು ಒಬ್ಬೊಬ್ಬರು ಒಂದೊಂದು ಮೂಲ್ಯಾಗ ತಾಟು ಹಿಡಕೊಂಡು ಕುಂದರತೀರಿ." ಕಾಲ್ ಕಟ್ಟಾದರೆ ಸಾಕೆಂದು ನಾನು ಹಾರೈಸುತ್ತಿದ್ದೆ. ಬೇಕಾದಾಗ ಕಟ್ಟಾಗುವ ಪೈಕಿಯಲ್ಲ ಅದು.

ಮುದುಕರನ್ನು ಒಂದು ಮನೆಯಲ್ಲಿಟ್ಟು, ಸಮಾರಂಭ ಮಾಡಿ ಹೊಗಳಿ, ಆಮೇಲೆ ಮುಗಿಸಿಬಿಡುತ್ತಾರೆ ಎಂದಾಗ ಸೊಪ್ಪಿನ ಮೇಲಿನ ಕೈ ನಿಂತಿತು.

"ಹೊಗಳಿ ಕೊಲ್ತಾರ? ಇಲ್ಲಿ ಸತ್ತ ಮ್ಯಾಲೆ ಹೊಗಳ್ತಾರ."

ಅದನ್ನೂ ಅವ್ವ ಜೀರ್ಣಿಸಿಕೊಂಡಳು. ಕೆಟ್ಟಿದ್ದು ಹವಾಮಾನದ ಮಾತು ಬಂದಾಗ. ಅಲ್ಲಿ ಗುಡ್ಡವಿಲ್ಲ, ಹಿಮವಿಲ್ಲ, ಹವೆಯೆಲ್ಲ ಹತೋಟಿಯಲ್ಲಿ.

"ಮಳಿ?"

"ಅದೂ ಇಲ್ಲಂತನ ತಿಳಿ."

ನವಲಗುಂದದ ಎರೆಹೊಲದವರು ಮೋಡ ನೋಡುತ್ತ ಕೂಡುವ ಹೊತ್ತಿಗೆ ಗದ್ದೆಯಲ್ಲಿ ನೀರು ನಿಲ್ಲಿಸಿಕೊಂಡಿರುವ ಊರು ಅಳ್ನಾವರ; ದಾಂಡೇಲಿ ಕಾಡು ಅಲ್ಲಿಂದಲೇ ಶುರು. "ಮಳಿ ಇಲ್ಲದ ಭತ್ತ ಹೆಂಗ ಬೆಳೀತಾರ? ಸುಡು ಆ ಊರನ್ನ. ಅಲ್ಲಿಂದ ಯಾರೂ ಓಡಿ ಹೋಗಲಿಲ್ಲೇನು?"

ಕಥಾನಾಯಕ ಹುಡುಗ ಹೋದ, ಕೊಲ್ಲಲಿಟ್ಟ ಕೂಸನ್ನೂ ಎತ್ತಿಕೊಂಡು ಹೋದ. ಹಿಮದ ಗುಡ್ಡದಲ್ಲಿ ಜಾರುತ್ತಿರುವಾಗ ಕಾದಂಬರಿ ಮುಗಿಯಿತು. ಉಳಿದರೋ ಇಲ್ಲವೋ, ಓದುಗರೇ ಊಹಿಸಿಕೊಳ್ಳಬೇಕು.

"ಬರದಾಕಿ ಕೂಸನ್ನ ಥಂಡ್ಯಾಗ ಬಿಟ್ಟು ಮನಿಗೆ ಹ್ವಾದ್ಲು?"

"ಇಬ್ಬರೂ ಉಳದಾರ ಬೇ," ಎಂದು ನಾನು ನಡುವೆ ಬಾಯಿ ಹಾಕಿದೆ. ಲೌರಿ 2000, 2004, 2012ರಲ್ಲಿ ಇನ್ನೂ ಮೂರು ಪುಸ್ತಕ ಬರೆದಳು, ಗುಟ್ಟು ಅಲ್ಲಿದೆ.

"ಮತ್ತ ಆ ಪುಸ್ತಕ ಕೊಡಸೋ ಖೋಡಿ. ಪುಟ್ಟೀ, ಆ ಕೂಸು ಮುಂದ ಎಂಜಿನಿಯರ್ ಆತೇನು, ಓದಿ ಹೇಳು."