ಒಂದು ಪ್ಯಾಕೆಟ್‌ಗೆ ಎರಡು ತಾಲೂಕು

ಕರ್ಕಿಯ ಗಂಡಸಿಗೆ ಹೊನ್ನಾವರ ತೀರ ಹತ್ತಿರ. ಆದರೂ ಕಾಂಡೋಮ್ ಬೇಕಾದ ದಿನ ಆತ ಕುಮಟೆಯ ಬಸ್ಸು ಹತ್ತುತ್ತಾನೆ. ಹೊನ್ನಾವರದ ಮೆಡಿಕಲ್ ಶಾಪಿನಲ್ಲಿ ಕೂತವನು ಹೆಂಡತಿ ಕಡೆಯ ಭಾವ. ಇದೇ ಕಾರಣಕ್ಕೆ ಕುಮಟೆಯವನು ಹೊನ್ನಾವರಕ್ಕೆ ಬರುತ್ತಾನೆ, ಹೊನ್ನಾವರದವನು ಭಟ್ಕಳಕ್ಕೆ ಹೋಗುತ್ತಾನೆ. ಹೆದ್ದಾರಿ 66ನ್ನು ಅಗಲ ಮಾಡಿದ್ದು ಪ್ರವಾಸೋದ್ಯಮಕ್ಕೆಂದು ದಿಲ್ಲಿಯವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ.

ಅಷ್ಟು ದೂರ ಹೋದವನು ಮೊದಲು ಕೇಳುವುದು ತಲೆನೋವಿನ ಮಾತ್ರೆ. ಹೆಂಗಸರೆಲ್ಲ ಹೋದ ಮೇಲೆ, "ಅದು... ಒಂದು ಕೊಡಿ." ಅಂಗಡಿಯವನೂ ಮರ್ಯಾದಸ್ಥ, ಪೇಪರಿನಲ್ಲಿ ಸುತ್ತಿ ಕಪ್ಪು ಕೊಟ್ಟೆಗೆ ಹಾಕುತ್ತಾನೆ. ಕಪ್ಪು ಕೊಟ್ಟೆಯಲ್ಲಿ ಏನಿದೆಯೆಂದು ಇಡೀ ಬಸ್‌ಸ್ಟ್ಯಾಂಡಿಗೆ ಗೊತ್ತು. ಕರ್ಕಿ ಹಾಸ್ಯಗಾರ ಮನೆತನದ ಯಕ್ಷಗಾನಕ್ಕೆ ಹೆಸರಾದ ಊರು. ಯಾವ ಮೇಳದ ಹಾಸ್ಯದವನೇ ಆಗಲಿ, ರಂಗದ ಮೇಲೆ ಎರಡರ್ಥದ ಮಾತು ಉದುರಿಸಿದರೆ ಮುಂದಿನ ಸಾಲಿನಲ್ಲಿ ಕೂತು ಬಿದ್ದುಬಿದ್ದು ನಗುವವನೂ ಇವನೇ.

1968ರಲ್ಲಿ ಸರ್ಕಾರ ನಿರೋಧ್ ಎಂಬ ಕಾಂಡೋಮ್ ತಂದಾಗ ಇಷ್ಟು ಮಡಿ ಇರಲಿಲ್ಲ. ಬ್ರೂಕ್‌ಬಾಂಡ್, ಲಿಪ್ಟನ್‌ನಂಥ ಚಹಾ ಕಂಪನಿಗಳೇ ಅದನ್ನು ಅಂಗಡಿಗಳಿಗೆ ಹಂಚಿದವು. ಮೂರಕ್ಕೆ 15 ಪೈಸೆ. ಈಗ ಆಶಾ ಕಾರ್ಯಕರ್ತೆ ಮೂರರ ಪ್ಯಾಕೆಟ್ಟನ್ನು ಒಂದು ರೂಪಾಯಿಗೆ ಮನೆಬಾಗಿಲಿಗೇ ಕೊಡುವ ಯೋಜನೆ 2011ರಿಂದ ಇದೆ. ಆದರೆ ಆಶಾ ಎಂದರೆ ಮೇಲಿನ ಕೇರಿಯ ಅಕ್ಕ. ಅವಳೆದುರು ಕೈಚಾಚುವುದಕ್ಕಿಂತ ಬಸ್ ಚಾರ್ಜೇ ಅಗ್ಗ.

ಇಷ್ಟು ಪಾಡು ಪಡುವವನ ಬಗ್ಗೆ ನನಗೆ ಗೌರವವೇ. ಬಸ್ಸನ್ನೂ ಹತ್ತದವರೇ ಹೆಚ್ಚು. ಅವರ ಮನೆಯಲ್ಲಿ ಹೆಂಡತಿಗೆ 'ಆಪರೇಷನ್' ಆಗಿರುತ್ತದೆ. ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡವರು ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಗಂಡಸರ ಲೆಕ್ಕ ಸೊನ್ನೆಯ ಆಸುಪಾಸು. ಅವಳ ಹೊಟ್ಟೆಗೆ ಹೊಲಿಗೆ ಬಿದ್ದ ದಿನ ಇವನ ಹೊಣೆ ಮುಗಿಯಿತು.

ಆ ಹೊಲಿಗೆ ತಡೆಯುವುದು ಬಸುರನ್ನು. ಸಿಫಿಲಿಸ್, ಗೊನೊರಿಯಾ, ಎಚ್‌ಐವಿಗಳನ್ನಲ್ಲ. ಕಾಪರ್-ಟಿಗೂ ಮಾಲಾ-ಡಿಗೂ ಅದು ಸಾಧ್ಯವಿಲ್ಲ. ಬಸುರಿಗೂ ರೋಗಕ್ಕೂ ಅಡ್ಡ ನಿಲ್ಲುವುದು ಕಾಂಡೋಮ್ ಒಂದೇ, ಅದೂ ಪ್ರತಿ ಸಲ ಸರಿಯಾಗಿ ಹಾಕಿಕೊಂಡರೆ. ಆದರೆ ಆಪರೇಷನ್ ಆದ ಮನೆಯಲ್ಲಿ ಅದರ ಹೆಸರೆತ್ತುವುದು ಹೇಗೆ? ಹೆಂಡತಿ ಕೇಳಿದರೆ ಗಂಡನ ಮೇಲೆ ಸಂಶಯ. ಗಂಡನೇ ತಂದರೆ, ಈಗ ಯಾಕೆ ತಂದ ಎಂಬ ಸಂಶಯ. ಸಂಸಾರ ಚೆನ್ನಾಗಿರಲಿ ಎಂದು ಇಬ್ಬರೂ ಸುಮ್ಮನಿರುತ್ತಾರೆ.

ಒಂದು ದಿನ ಅವಳಿಗೆ ಉರಿಮೂತ್ರ, ಕೆಳಹೊಟ್ಟೆ ನೋವು. ಲೈಂಗಿಕ ಸೋಂಕು ಎಂದು ಗೊತ್ತಾದ ಮೇಲೆ ಡಾಕ್ಟರು ಮಾತ್ರೆ ಬರೆದು, ಗಂಡನೂ ಚಿಕಿತ್ಸೆ ತಗೊಳ್ಳಬೇಕು, ಕರಕೊಂಡು ಬಾ ಎನ್ನುತ್ತಾರೆ. ಮನೆಗೆ ಬಂದು ಹೇಳಿದರೆ ಗಂಡನಿಗೆ ಆಶ್ಚರ್ಯ.

"ನಂಗೆಂತಕ್ಕೆ? ಆಪರೇಷನ್ ಆದದ್ದು ನಿಂಗಲ್ವ?"