ಮೇಷ್ಟ್ರ ಆನೆಗೆ ಮೂರೂವರೆ ಕಾಲು

ಹೈಸ್ಕೂಲಿನಲ್ಲಿ 33 ವರ್ಷ ಗಣಿತ ಹೇಳಿದವನಿಗೆ ಆರರ ಮಗ್ಗಿ ಬರುವುದಿಲ್ಲವೆಂದು ಸಾಬೀತು ಮಾಡಲು ಒಂದು ಉಲ್ಲನ್ ಉಂಡೆ ಸಾಕಾಯಿತು.

ಮೊಮ್ಮಗನಿಗೆ ವರ್ಷ ತುಂಬುವುದರಲ್ಲಿತ್ತು. ಆಷಾಢ, ಮಾಲೇಕಲ್ಲು ತಿರುಪತಿಯ ತೇರು ಹತ್ತಿರವಿತ್ತು. ನಮ್ಮ ಮನೆ ಅರಸೀಕೆರೆಯಲ್ಲಿ ಬೆಟ್ಟ ಕಾಣುವ ಕಡೆಗೇ ಇದೆ. ತೇರಿನ ಅಂಗಡಿಯಲ್ಲಿ ಕೀ ಕೊಟ್ಟರೆ ತಮಟೆ ಬಾರಿಸುವ ಮಂಗನನ್ನು ತಂದುಕೊಡೋಣ ಎಂದು ಬೆಂಗಳೂರಿನ ಮಗಳಿಗೆ ಫೋನ್ ಮಾಡಿದೆ. ಅವಳು, "ಅಪ್ಪಾ, ದಯವಿಟ್ಟು ಪ್ಲಾಸ್ಟಿಕ್ ಮಾತ್ರ ಬೇಡ. ಈಗೆಲ್ಲಾ ಅಮಿಗುರುಮಿ" ಅಂದಳು. ನಾನು ಯಾವುದೋ ಆಂಧ್ರದ ಉಪ್ಪಿನಕಾಯಿ ಇರಬೇಕೆಂದುಕೊಂಡೆ. ಜಪಾನಿನ ಮಾತಂತೆ. ದಾರದಲ್ಲಿ ಹೆಣೆದು ಹೊಟ್ಟೆಗೆ ಹತ್ತಿ ತುಂಬಿದ ಬೊಂಬೆ. ಫೋಟೋ ಕಳಿಸಿದಳು: ಅಂಗೈಯಗಲದ ಆನೆಮರಿ, ಕೆಳಗೆ ಬೆಲೆ 2,200 ರೂಪಾಯಿ. ನನ್ನ ಮೊದಲ ಸಂಬಳಕ್ಕಿಂತ ಜಾಸ್ತಿ. ಆ ಸಂಬಳಕ್ಕೆ ನಾನು ಒಂದು ತಿಂಗಳು ನಾಲ್ಕು ಸೆಕ್ಷನ್ನಿಗೆ ಬೀಜಗಣಿತ ಹೇಳಿದ್ದೆ.

"ಇಷ್ಟಕ್ಕೆ ದುಡ್ಡು ಯಾಕೆ, ನಾನೇ ಹೆಣೀತೀನಿ" ಅಂದೆ. ನಿವೃತ್ತರ ಬಾಯಲ್ಲಿ ಇಂಥ ಮಾತು ಬೇಗ ಬರುತ್ತದೆ. ಅಡುಗೆಮನೆಯಿಂದ ಮನೆಯಾಕೆ, "ಟಿ.ವಿ. ಕವರು, ರೇಡಿಯೋ ಕವರು, ಬಾಗಿಲ ತೋರಣ ಎಲ್ಲಾ ಕ್ರೋಶಾದಲ್ಲೇ ಹಾಕಿದೆ. ಆವಾಗ ಯಾರೂ ಫೋಟೋ ತೆಗೀಲಿಲ್ಲ" ಅಂದಳು. ಹಾಗಾದರೆ ಆನೆಯನ್ನೂ ನೀನೇ ಹಾಕಿಬಿಡು ಅಂದೆ. "ನನಗೆಲ್ಲಿದೆ ಬಿಡುವು?" ಎಂದು ಒಗ್ಗರಣೆ ಸಿಡಿಸಿದಳು. ಈ ಮನೆಯಲ್ಲಿ ಬಿಡುವು ಇರುವ ಪ್ರಾಣಿ ಒಂದೇ ಎಂದು ಅವತ್ತು ಅಧಿಕೃತವಾಗಿ ಗೊತ್ತಾಯಿತು.

ಆನೆಯೇ ಯಾಕೆ ಅಂದರೆ, ಹಾಸನ ಜಿಲ್ಲೆಯವರಿಗೆ ಬೇರೆ ಪ್ರಾಣಿ ಹೊಳೆಯುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದವರಿಗೆ ಆನೆ ಆಟದ ಸಾಮಾನಲ್ಲ. ರಾತ್ರಿ ಗೇಟು ಮುರಿದು ಒಳಗೆ ಬರುವ ನೆಂಟ. ಎಂಟು ಸಲ ಮೈಸೂರಿನ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣಬಿಟ್ಟದ್ದು ಇದೇ ಜಿಲ್ಲೆಯ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯಲು ಹೋಗಿ. ಇತ್ತ ಹಳೇಬೀಡಿನ ಗೋಡೆಯ ಬುಡದಲ್ಲಿ ಒಂಬೈನೂರು ವರ್ಷದಿಂದ ಆನೆಗಳು ಸಾಲುಗಟ್ಟಿ ನಡೆಯುತ್ತಲೇ ಇವೆ. ಗೈಡುಗಳ ಲೆಕ್ಕದಲ್ಲಿ ಅವು 1,248, ಒಂದರಂತೆ ಒಂದಿಲ್ಲ. ಸಾವಿರ ಚಿಲ್ಲರೆ ಆನೆ ಕಲ್ಲಿನಲ್ಲಿ ಬರುವುದಾದರೆ ಒಂದು ಆನೆ ಉಲ್ಲನ್ನಿನಲ್ಲಿ ಬಾರದೆ?

ಬರಲಿಲ್ಲ.

ಪೇಟೆಯಿಂದ ಬೂದುಬಣ್ಣದ ಉಲ್ಲನ್ ತಂದೆ. ಲೇಬಲ್ ಓದುವ ಚಟ ನನಗೆ. 'ನೂರಕ್ಕೆ ನೂರು ಅಕ್ರಿಲಿಕ್' ಅಂತಿತ್ತು. ಅಕ್ರಿಲಿಕ್ ಅಂದರೆ ಪೆಟ್ರೋಲಿಯಂ ಬಸಿದು ತೆಗೆದ ಪ್ಲಾಸ್ಟಿಕ್ಕಿನ ಎಳೆ. ಕುರಿ ಅದರ ಹತ್ತಿರಕ್ಕೂ ಸುಳಿದಿರುವುದಿಲ್ಲ. ಮಗಳಿಗೆ ಹೇಳಿದೆ. "ಆದ್ರೂ ಹ್ಯಾಂಡ್‌ಮೇಡ್ ಅಲ್ವಾ ಅಪ್ಪಾ" ಅಂದಳು. ಕೈ ಮುಟ್ಟಿದರೆ ಪ್ಲಾಸ್ಟಿಕ್ಕಿಗೂ ಮೋಕ್ಷವುಂಟು. ಕಡ್ಡಿಗಳು ಆನ್‌ಲೈನಿನಲ್ಲಿ ಬಂದವು: 12ರ ಸೆಟ್ಟು, ಬಿದಿರಿನ ಹಿಡಿ, ಜೊತೆಗೆ 'ಉಸಿರಾಡಿ, ಹೆಣೆಯಿರಿ' ಎಂಬ ಒಂದು ಚೀಟಿ. ಹೆಣೆಯುವುದು ಈಗ ಕೆಲಸವಲ್ಲ, ಚಿಕಿತ್ಸೆ. ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಇದನ್ನು ಕಲಿಯಲು ದುಡ್ಡು ಕಟ್ಟುತ್ತಾರಂತೆ, ಮನಸ್ಸು ನಿಲ್ಲುತ್ತದಂತೆ.

ನನ್ನ ಮನಸ್ಸು ಮೊದಲ ಕುಣಿಕೆಯಲ್ಲೇ ನಿಂತುಹೋಯಿತು. ದಾರವನ್ನು ಬೆರಳಿಗೆ ಸುತ್ತಿ, ಅದರೊಳಗೆ ಆರು ಹೆಣಿಕೆ ಹಾಕಿ, ಬಾಲ ಎಳೆದರೆ ನಡುವಿನ ತೂತು ಮುಚ್ಚಿಕೊಳ್ಳಬೇಕು. ಇದಕ್ಕೆ ಮ್ಯಾಜಿಕ್ ರಿಂಗ್ ಎಂದು ಹೆಸರು. ನಾಲ್ಕು ದಿನ ಮ್ಯಾಜಿಕ್ ಮಾತ್ರ ನಡೆಯಿತು: ಎಳೆದೆ, ಆರೂ ಮಾಯ. 'ಮೊದಲ ಸಲದವರಿಗೆ ಸುಲಭದ ಆನೆ' ಎಂಬ ವಿಡಿಯೋದಲ್ಲಿ ಎರಡು ಕೈ ಮಾತ್ರ ಕಾಣುತ್ತವೆ, ಹಿಂದೆ ಪಿಯಾನೋ. ಆ ಕೈಗಳು ಬೆವರುವುದಿಲ್ಲ. ಅವಕ್ಕೆ ಮಧ್ಯದಲ್ಲಿ ಗ್ಯಾಸಿನವನು ಬೆಲ್ ಮಾಡುವುದಿಲ್ಲ.

ಇಷ್ಟಾಗಿ ಇದು ಶುದ್ಧ ಲೆಕ್ಕ. ಎರಡನೆಯ ಸುತ್ತಿಗೆ ಒಂದೊಂದು ಕಣ್ಣಿನಲ್ಲಿ ಎರಡೆರಡು ಹೆಣಿಕೆ, 12. ಆಮೇಲೆ 18, 24, 30, 36. ಸುತ್ತಿಗೆ ಆರರಂತೆ ಕೂಡುತ್ತ ಹೋದರೆ ದೋಸೆಯ ಹಾಗೆ ಚಪ್ಪಟೆ ಬಿಲ್ಲೆ. ಕೂಡುವುದನ್ನು ನಿಲ್ಲಿಸಿದರೆ ಅಂಚು ಎದ್ದು ಬಟ್ಟಲು. ಕಳೆಯುತ್ತ ಬಂದರೆ ಬಾಯಿ ಮುಚ್ಚಿ ಚೆಂಡು. ಕೂಡು, ಸುಮ್ಮನಿರು, ಕಳೆ. ನನ್ನ ಸರ್ವಿಸ್ ರಿಜಿಸ್ಟರ್ ಕೂಡ ಇದೇ ಆಕಾರದ್ದು. ಹತ್ತನೇ ತರಗತಿಯ ಸಮಾಂತರ ಶ್ರೇಢಿ, ಮೊದಲ ಪದ 6, ಸಾಮಾನ್ಯ ವ್ಯತ್ಯಾಸ 6. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಕಡ್ಡಿಯ ತುದಿಯಲ್ಲಿ ಮಾತ್ರ 18 ಇರಬೇಕಾದದ್ದು 17, 24 ಇರಬೇಕಾದದ್ದು 26. ಸುತ್ತು ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗುವುದಿಲ್ಲ, ಅದು ಸುರುಳಿ. ಮಾಲೇಕಲ್ಲು ಬೆಟ್ಟದ ಮೆಟ್ಟಿಲೂ ಹೀಗೆಯೇ. ಸಾವಿರದ ಮೇಲೆ ಎಷ್ಟು ಎಂಬುದರಲ್ಲಿ ಹತ್ತಿ ಬಂದ ಇಬ್ಬರಲ್ಲಿ ಒಮ್ಮತವಿಲ್ಲ. ಆದರೆ ಬೆಟ್ಟಕ್ಕೆ ತುದಿಯಿದೆ, ತುದಿಯಲ್ಲಿ ವೆಂಕಟರಮಣಸ್ವಾಮಿ ಇದ್ದಾನೆ.

ಹತ್ತಿಯ ಬದಲು ಹೊಟ್ಟೆಗೆ ತೆಂಗಿನ ನಾರು ತುರುಕಿದೆ. ಅರಸೀಕೆರೆಯಲ್ಲಿ ಕೊಬ್ಬರಿಗೆ ರೇಟು ಸಿಗದ ದಿನವೂ ನಾರಿಗೆ ಬರವಿಲ್ಲ. ಹೆಣಿಕೆ ಸಡಿಲವಿದ್ದುದರಿಂದ ನಾರು ಎಲ್ಲ ತೂತಿನಿಂದ ಇಣುಕಿ, ಆನೆಗೆ ಮುಳ್ಳುಹಂದಿಯ ಕಳೆ ಬಂತು. ಕಿವಿ ಹಸುವಿನದು, ಮೈ ಹಂದಿಯದು. ಹೊಯ್ಸಳರ ಮಕರವನ್ನು ಗೈಡುಗಳು ವರ್ಣಿಸುವುದೂ ಹೀಗೆಯೇ: ಹಂದಿಯ ಮೈ, ಸಿಂಹದ ಕಾಲು, ಹಸುವಿನ ಕಿವಿ, ನವಿಲಿನ ಬಾಲ. ಹೊಯ್ಸಳರು ಅದನ್ನು ಬೇಕೆಂದೇ ಮಾಡಿದ್ದರು ಎಂಬುದೊಂದೇ ವ್ಯತ್ಯಾಸ. ಕಾಲಂತೂ ನಾಲ್ಕು ಹೆಣೆದೆ. ನಾಲ್ಕಕ್ಕೂ ಒಂದೊಂದು ಅಳತೆ. ನಿಲ್ಲಿಸಿದರೆ ಮಂಡಿಯೂರಿ ಕ್ಷಮೆ ಕೇಳುವ ಹಾಗೆ ಮುಂದಕ್ಕೆ ಬೀಳುತ್ತಿತ್ತು.

ಎದುರುಮನೆಯಲ್ಲಿ ಸೀರೆಗೆ ಕುಚ್ಚು ಹಾಕುವ ಹೆಣ್ಣುಮಗಳಿದ್ದಾಳೆ. ನನ್ನ ಶಿಷ್ಯೆಯೇ. ಮಗ್ಗಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಯಾವ ಮಗ್ಗಿ ಅಂತ ಈಗ ಹೇಳಬೇಕಾಗಿಲ್ಲ. ಆನೆಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ಹೋದೆ. ಜಗುಲಿಯಲ್ಲಿ ಕೂತು, ಸೆರಗಿನ ಅಂಚನ್ನು ದಿಂಬಿಗೆ ಪಿನ್ನು ಮಾಡಿ ಕುಚ್ಚು ಹಾಕುತ್ತಿದ್ದಳು. ಕೈಯಲ್ಲಿ ಪೆನ್ನಿನ ರೀಫಿಲ್ಲಿಗಿಂತ ಸಣ್ಣ ಸ್ಟೀಲಿನ ಕ್ರೋಶಾ ಕಡ್ಡಿ. ಸೆರಗಿನ ಅಂಚಿಗೆ ಚುಚ್ಚಿ, ರೇಷ್ಮೆ ದಾರ ಎಳೆದು, ಸರಪಳಿ ಹಾಕಿ, ನಡುವೆ ಒಂದು ಮಣಿ ಪೋಣಿಸಿ, ಕಮಾನು ಬಗ್ಗಿಸಿ, ಮತ್ತೆ ಅಂಚಿಗೆ. ಕಮಾನಿನ ತುದಿಗೆ ದಾರದ ಗೊಂಚಲು ಕಟ್ಟಿ, ಝರಿ ಸುತ್ತಿ, ಬಾಚಿ, ಕತ್ತರಿಯಲ್ಲಿ ಸಮ ಮಾಡಿದಳು. ಕಮಾನುಗಳಲ್ಲಿ ಒಂದು ಹೆಣಿಕೆಯೂ ಹೆಚ್ಚುಕಮ್ಮಿಯಿಲ್ಲ. ಬಾಯಲ್ಲಿ ಎಣಿಸುತ್ತಲೂ ಇರಲಿಲ್ಲ. ಬಾಯಿ ಮಗನಿಗೆ ಹೋಂವರ್ಕ್ ಮಾಡು ಎಂದು ಬೈಯುತ್ತಿತ್ತು.

ಆನೆಯನ್ನು ತಿರುಗಿಸಿ ನೋಡಿದಳು.

"ಅಯ್ಯೋ, ಇದೇನ್ ಮೇಷ್ಟ್ರೇ, ಒಳಗಡೇದನ್ನ ಹೊರಗಡೆ ಮಾಡ್ಕಂಡಿದೀರಾ."

ಹೆಣಿಕೆಗೂ ಒಳಮೈ ಹೊರಮೈ ಉಂಟು. ಬಟ್ಟಲಾದ ಮೇಲೆ ಮಗುಚಬೇಕು. ವಿಡಿಯೋದ ಕೈಗಳು ಇದನ್ನು ಪಿಯಾನೋದ ಗದ್ದಲದಲ್ಲಿ ಹೇಳಿಬಿಟ್ಟಿದ್ದವಂತೆ.

"ಕಡ್ಡಿ ದಪ್ಪ ಆಯ್ತು. ಒಂದ್ ನಂಬರ್ ಸಣ್ಣದ್ ಹಿಡೀರಿ, ನಾರು ಆಚೆಗ್ ಬರಲ್ಲ. ಸುತ್ತು ಶುರುವಾದ ಕಡೆ ಒಂದ್ ಪಿನ್ನು ಸಿಗಿಸ್ಬೇಕು. ಮಗೀಗಾ ಇದು? ಹಂಗಾರೆ ಈ ಗುಂಡಿ ಕಣ್ಣು ಬ್ಯಾಡ, ಕಿತ್ತು ಬಾಯಿಗ್ ಹಾಕ್ಕಂತದೆ. ಕರೀ ದಾರ್ದಲ್ಲಿ ಕಣ್ಣು ಬರೀಬೇಕು. ಬುಡಿ, ಇಟ್ಟೋಗಿ."

ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯ. ಕಣ್ಣು ಕಿತ್ತು ಬರುತ್ತದೆಯೇ ಎಂದು ಎಳೆದು ನೋಡಲು ಯಂತ್ರಗಳಿವೆಯಂತೆ. ಆ ಪರೀಕ್ಷೆ ಈ ಜಗುಲಿಯಲ್ಲಿ ಎರಡು ಸೆಕೆಂಡಿನಲ್ಲಿ ಮುಗಿಯಿತು.

ಒಂದು ಸೀರೆಗೆ ಎಷ್ಟು ಸಿಗುತ್ತದಮ್ಮ ಎಂದು ಕೇಳಿದೆ. ಅಂಗಡಿಯವರು ಗಿರಾಕಿಯಿಂದ 1,500 ತೆಗೆದುಕೊಳ್ಳುವ ಡಿಸೈನಿಗೆ ಇವಳಿಗೆ 400, ದಾರ ಇವಳದೇ. ಮೂರು ರಾತ್ರಿಯ ಕೆಲಸ. "ಮನೇಲ್ ಕೂತು ಬಿಡುವಲ್ಲಿ ಮಾಡಾದಲ್ವಾ ಅಂತಾರೆ" ಅಂದಳು. ದೂರಿನ ದನಿಯಲ್ಲಲ್ಲ, ಹವಾಮಾನ ವರದಿಯ ದನಿಯಲ್ಲಿ. ಆಷಾಢದಲ್ಲಿ ಮುಹೂರ್ತವಿಲ್ಲವಾದ್ದರಿಂದ ಸೀರೆ ಕಡಿಮೆ. ಶ್ರಾವಣದ ವರಮಹಾಲಕ್ಷ್ಮಿ ಹತ್ತಿರ ಬಂದರೆ ನಿದ್ದೆಯಿಲ್ಲ.

ಈ 'ಬಿಡುವು' ಎಂಬ ಪದಕ್ಕೆ ದೊಡ್ಡ ಚರಿತ್ರೆಯಿದೆ. ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಹೆಂಗಸರು ಇದೇ ಕಡ್ಡಿಯಲ್ಲಿ ಲೇಸು ಹೆಣೆದು ಪರದೇಶಕ್ಕೆ ಕಳಿಸುತ್ತಿದ್ದುದನ್ನು ನೋಡಿ ಜರ್ಮನಿಯ ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಬರೆದರು. ದಿನಕ್ಕೆ ಆರೆಂಟು ಗಂಟೆ ಹೆಣೆದರೂ ಅವರು ಲೆಕ್ಕದಲ್ಲಿ ಕೂಲಿಗಾರರಲ್ಲ, ಬಿಡುವಿನಲ್ಲಿ ಕೈ ಆಡಿಸುವ ಗೃಹಿಣಿಯರು. ಲೇಸಿನ ವ್ಯಾಪಾರ ನಿಂತದ್ದೇ ಆ ಒಂದು ಪದದ ಮೇಲೆ. ಬೆಂಗಳೂರಿನ ಬಿಡುವಿಗೆ ಗಂಟೆಗಿಷ್ಟು ಎಂದು ಫೀಸು ಕಟ್ಟುತ್ತಾರೆ. ಅರಸೀಕೆರೆಯ ಬಿಡುವಿಗೆ ಅಂಗಡಿಯವನು ಚೌಕಾಸಿ ಮಾಡುತ್ತಾನೆ.

ಸರ್ಕಾರಕ್ಕೆ ಇವೆಲ್ಲ ಗೊತ್ತಿಲ್ಲವೆಂದಲ್ಲ. 2023ರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಯೋಜನೆ ಬಂತು. 18 ಕಸುಬು, ಸಲಕರಣೆಗೆ 15,000 ರೂಪಾಯಿ, ತರಬೇತಿಗೆ ದಿನಕ್ಕೆ 500. ಪಟ್ಟಿ ಓದಿದೆ. ದೋಣಿ ಕಟ್ಟುವವರಿದ್ದಾರೆ, ಮೀನುಬಲೆ ಹೆಣೆಯುವವರಿದ್ದಾರೆ, ಹೂವು ಕಟ್ಟುವವರಿದ್ದಾರೆ, ಸಾಂಪ್ರದಾಯಿಕ ಬೊಂಬೆ ಮಾಡುವವರೂ ಇದ್ದಾರೆ. ಕುಚ್ಚು ಹಾಕುವವರಿಲ್ಲ. ಬೊಂಬೆಯವನೆಂದು ನಾನೇ ಅರ್ಜಿ ಹಾಕಬಹುದಿತ್ತು, ಆದರೆ ನನ್ನ ಸಂಪ್ರದಾಯ ಶುರುವಾಗಿ ಹದಿನಾರು ದಿನವಾಗಿತ್ತು. ಯೋಜನೆ ಬಂದ ಮಾರನೆಯ ದಿನ, ಸೆಪ್ಟೆಂಬರ್ 18ಕ್ಕೆ, ರಿಯಾದಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಒಂದು ದಿನದ ಅಂತರದಲ್ಲಿ ಎರಡು ಪಟ್ಟಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕೆತ್ತಿದ ವಿಗ್ರಹದ ಕೆಳಗೆ ಹೆಸರು ಹಾಕಿಕೊಂಡಿದ್ದಾರೆ, ಜೊತೆಗೆ ಬಿರುದು ಬೇರೆ. ಕುಚ್ಚಿನ ಕೆಳಗೆ ಹೆಸರು ಹಾಕಲು ಜಾಗವಿಲ್ಲ. ಅದರ ಕೆಳಗೆ ಗಾಳಿ.

ಮೂರನೆಯ ದಿನ ಆನೆ ವಾಪಸ್ ಬಂತು. ಮೂರು ಕಾಲು ಹೊಸವು, ಸಮ. ನಾರು ಹೋಗಿ ಹತ್ತಿ ಬಂದಿತ್ತು. ಸೊಂಡಿಲು ಸೊಂಡಿಲಿನಂತೆಯೇ ಇತ್ತು. ಕಪ್ಪು ದಾರದ ಕಣ್ಣು ನನ್ನನ್ನೇ ನೋಡುತ್ತಿತ್ತು. ಹಿಂದಿನ ಎಡಗಾಲು ಮಾತ್ರ ನನ್ನದು. ಅದನ್ನು ಬಿಚ್ಚಬೇಡ, ತಾತ ಮಾಡಿದ್ದು ಅಂತ ಏನಾದರೂ ಉಳಿಯಲಿ ಎಂದು ನಾನೇ ಹೇಳಿದ್ದೆ. ಹೀಗಾಗಿ ಆನೆ ಸ್ವಲ್ಪ ಎಡಕ್ಕೆ ವಾಲುತ್ತದೆ. ದುಡ್ಡೆಷ್ಟು ಎಂದು ಕೇಳಿದೆ. "ನಿಮ್ಹತ್ರ ದುಡ್ಡಾ ಮೇಷ್ಟ್ರೇ" ಅಂದಳು. ನಾನೂ ಎರಡನೆಯ ಸಲ ಕೇಳಲಿಲ್ಲ. ಗೌರವ ಕೊಟ್ಟಾಗ ಬೇಡವೆನ್ನಬಾರದು.

ಮೊಮ್ಮಗ ಸೊಂಡಿಲನ್ನೇ ಬಾಯಿಗಿಟ್ಟು ಚೀಪಿದ. ಮಗಳು ಫೋಟೋ ಹಾಕಿದಳು: 'ತಾತನ ಕೈಚಳಕ'. ಅದು ಊರಿನ ವಾಟ್ಸಾಪ್ ಗುಂಪಿಗೆ ಬಂತು. ಗುಂಪಿನಿಂದ ಊರಿನ ಒಂದು ಸಂಘದ ಅಧ್ಯಕ್ಷರ ಕಣ್ಣಿಗೆ ಬಿತ್ತು. ಅವರಿಗೆ ಆ ತಿಂಗಳು ಸನ್ಮಾನಕ್ಕೆ ಜನ ಸಿಕ್ಕಿರಲಿಲ್ಲ.

ಏಲಕ್ಕಿ ಹಾರ, ಮೈಸೂರು ಪೇಟ, ಫಲತಾಂಬೂಲ, ಶಾಲು. ಭಾಷಣದಲ್ಲಿ ನನ್ನನ್ನು 'ಉಲ್ಲನ್ನಿನ ಜಕಣಾಚಾರಿ' ಅಂದರು. ಶಾಸನದಲ್ಲಿ ಹೆಸರಿರುವ ದಾಸೋಜನನ್ನು ಬಿಟ್ಟು ದಂತಕತೆಯ ಜಕಣನನ್ನು ಹಿಡಿದದ್ದು ನನಗೆ ಸರಿಯೆನಿಸಿತು, ನನ್ನದೂ ದಂತಕತೆಯೇ. ಜಕಣನ ವಿಗ್ರಹದ ಹೊಟ್ಟೆಯಲ್ಲಿ ಮಗ ಕಪ್ಪೆ ತೋರಿಸಿದನಂತೆ. ನನ್ನ ಆನೆಯ ಹೊಟ್ಟೆಯಲ್ಲಿದ್ದ ನಾರನ್ನು ಹೊರತೆಗೆದವಳು ಸಭೆಗೆ ಬಂದಿರಲಿಲ್ಲ; ಶ್ರಾವಣ ಹುಟ್ಟಿತ್ತು, ಬೆಳಗಾಗುವುದರೊಳಗೆ ಐದು ಸೀರೆ ಕೊಡಬೇಕಿತ್ತು. ವೇದಿಕೆಯ ಮೇಲಿದ್ದ ಮೂರು ಸೆರಗುಗಳಲ್ಲಿ ಎರಡರ ಕುಚ್ಚು ನನಗೆ ಗುರುತು ಸಿಕ್ಕಿತು. ಮೈಕು ಕೊಟ್ಟಾಗ ನಾನು ವಿನಯದಿಂದ, "ಏನೋ, ಬಿಡುವಿನಲ್ಲಿ ಮಾಡಿದ್ದು" ಅಂದೆ. ಚಪ್ಪಾಳೆ ಬಂತು.

ಸನ್ಮಾನದ ಶಾಲಿನ ಗುಣವೇ ಹಾಗೆ, ಮನೆಗೆ ಬರುವಷ್ಟರಲ್ಲಿ ಒಂದು ಅಂಚು ಬಿಚ್ಚಿಕೊಂಡಿತ್ತು. ಬೆಳಿಗ್ಗೆ ಮಡಿಸಿಕೊಂಡು ಎದುರುಮನೆಗೆ ಹೋದೆ. ರಾತ್ರಿಯೆಲ್ಲ ಎದ್ದಿದ್ದ ಕಣ್ಣು, ಮಡಿಲಲ್ಲಿ ಮಾವಿನಹಣ್ಣಿನ ಬಣ್ಣದ ಸೆರಗು.

"ಇದರ ಅಂಚು ಬಿಟ್ಟಿದೆ ನೋಡಮ್ಮ" ಅಂದೆ. "ಅರ್ಜೆಂಟೇನಿಲ್ಲ. ನಿನಗೆ ಬಿಡುವಾದಾಗ ಹಾಕಿಕೊಡು."