ಮುಂದಿನ ಗಾಲಿಯ ನಾದಮೀಮಾಂಸೆ (ಧುಪದಾಳ ಪಾಠ)

1. ವಿಷಯ, ಅಧಿಕಾರಿ

ನಾದ ಎರಡು ಬಗೆ. ಕಿವಿಗೊಟ್ಟು ಕೇಳುವುದು ಒಂದು. ಕೇಳಬಾರದೆಂದು ರೇಡಿಯೊ ಜೋರು ಮಾಡಿಸುವುದು ಇನ್ನೊಂದು. ಕಾರಿನ ಮುಂದಿನ ಗಾಲಿಯಿಂದ ಹೊರಡುವ ನಾದ ಎರಡನೆಯ ಬಗೆಯದು. ಅದರ ಮೂಲನಿರ್ಣಯವೇ ಈ ಶಾಸ್ತ್ರದ ವಿಷಯ. ವಾರಂಟಿ ಮುಗಿದು ಸಾಲದ ಕಂತು ಮಾತ್ರ ಉಳಿದವನು ಇದಕ್ಕೆ ಅಧಿಕಾರಿ. ಹೊಸ ಕಾರಿನವನಿಗೆ ಜಿಜ್ಞಾಸೆ ಹುಟ್ಟುವುದಿಲ್ಲ; ಹಳೇ ಜೀಪಿನವನಿಗೆ ಯಾವ ಭಾಗ ಸದ್ದು ಮಾಡುತ್ತಿಲ್ಲವೆಂಬುದೇ ಆತಂಕ. ಇಬ್ಬರೂ ಅನರ್ಹರು.

2. ಕ್ಷೇತ್ರಮಹಿಮೆ

ಧುಪದಾಳವೇ ಏಕೆ ಎಂದರೆ, ಇಲ್ಲಿ ಗಾಲಿಯ ಸದ್ದಿಗೆ ಪ್ರತಿಸ್ಪರ್ಧಿಗಳು ಹೇರಳ. ಘಟಪ್ರಭೆಗೆ ಅಡ್ಡಲಾಗಿ 1897ರಲ್ಲಿ ಕಟ್ಟಿದ ಒಡ್ಡಿನ ಮೇಲಿಂದ ಮಳೆಗಾಲದಲ್ಲಿ ನೀರು ಭೋರ್ಗರೆಯುತ್ತದೆ. 1974ರಲ್ಲಿ ಘೋಷಿತವಾದ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಯುರೋಪಿನ ಬಿಳಿ ಕೊಕ್ಕರೆ ಬರುತ್ತದೆ. ಗಂಟಲಿನ ದನಿ ಇಲ್ಲವೆನ್ನುವಷ್ಟು ಕಡಿಮೆಯಾದ ಈ ಹಕ್ಕಿ ಕೊಕ್ಕನ್ನೇ ಕಟಕಟ ಬಡಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರ್ಯಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಹೊರಡುತ್ತವೆ. ಇಷ್ಟರ ನಡುವೆ ಬೇರಿಂಗಿನ ದನಿ ಗುರುತಿಸಿದವನಿಗೆ ಲೋಕದಲ್ಲಿ ಬೇರೆ ಪರೀಕ್ಷೆಯಿಲ್ಲ.

ವಿವೇಕಕ್ಕೆ ಸೂತ್ರಗಳುಂಟು. ವೇಗದೊಂದಿಗೆ ಏರದಿದ್ದರೆ ಅದು ಒಡ್ಡಿನ ನೀರು. ಸ್ಟೇರಿಂಗ್ ಎತ್ತ ತಿರುಗಿಸಿದರೂ ಬದಲಾಗದ ಕಟಕಟ ಕೊಕ್ಕರೆಯದು. ಕಾರು ನಿಂತ ಮೇಲೂ ಮುಂದುವರಿದರೆ ಹಿಂದಿನ ಸೀಟಿನಲ್ಲಿ ಯಾರೋ ಗೋಕಾಕ ಕರದಂಟು ಅಗಿಯುತ್ತಿದ್ದಾರೆ.

3. ಪೂರ್ವಪಕ್ಷ

ಚಹಾದಂಗಡಿಯ ಎದುರು ಕಾರು ನಿಲ್ಲಿಸಿದ ಕೂಡಲೇ ನಾಲ್ಕು ಮತಗಳು ಉದ್ಭವಿಸುತ್ತವೆ.

ಟ್ರ್ಯಾಕ್ಟರ್ ಮತ: “ಗ್ರೀಸ್ ಹೊಡಸ್ರಿ ಸಾಹೇಬ್ರ, ಸುಮ್ನ ಆಗತೈತಿ.” ಇಂದಿನ ಕಾರಿನ ಗಾಲಿ ಬೇರಿಂಗ್ ಸಾಮಾನ್ಯವಾಗಿ ಸೀಲಾಗಿಯೇ ಬರುವುದರಿಂದ ಗ್ರೀಸಿಗೆ ಒಳಹೋಗಲು ದಾರಿಯಿಲ್ಲ.

ಪಂಕ್ಚರ್ ಮತ: “ಗಾಳಿ ಕಮ್ಮಿ ಆಗೇತಿ.” ಈ ಮತದಲ್ಲಿ ಜಗತ್ತಿನ ಸಕಲ ದುಃಖಕ್ಕೂ ಗಾಳಿಯೇ ಕಾರಣ.

ಚಕ್ಕಡಿ ಮತ: ಹಿರಿಯರೊಬ್ಬರು ಕೀಲು ನೋಡಲು ಹೇಳುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಕಡೆಗೀಲಿನ ವಿಷಯದಲ್ಲಿ ಜೇಡರ ದಾಸಿಮಯ್ಯನೇ ವಚನಪ್ರಮಾಣ ಕೊಟ್ಟಿದ್ದಾನೆ. ಇಂದಿನ ಕಡೆಗೀಲು ಗಾಲಿಯ ನಟ್ಟು; ಸಡಿಲಾಗಿದೆಯೇ ಎಂದು ಮೊದಲು ಪಾನಾ ಹಾಕಿ ನೋಡುವುದು ಶಾಸ್ತ್ರಸಮ್ಮತ.

ಮಾವನ ಮತ: “ಮಾರಿಬಿಡ್ರಿ ಅಳಿಯಂದ್ರ.” ಇದು ಶೂನ್ಯವಾದ.

4. ಅನುಮಾನಖಂಡ

ನ್ಯಾಯಶಾಸ್ತ್ರದ ಐದು ಅವಯವಗಳನ್ನು ಗಾಲಿಗೆ ಜೋಡಿಸೋಣ. ಪ್ರತಿಜ್ಞೆ: ಎಡ ಗಾಲಿಯ ಬೇರಿಂಗ್ ಹೋಗಿದೆ. ಹೇತು: ಗುಂಯ್‌ಗುಡುವುದರಿಂದ. ಉದಾಹರಣೆ: ಮಾವನವರ ಗಾಡಿಯಂತೆ. ಉಪನಯ: ಇದೂ ಹಾಗೆಯೇ ಗುಂಯ್‌ಗುಡುತ್ತಿದೆ. ನಿಗಮನ: ಆದ್ದರಿಂದ ಮಾವನವರಿಗೆ ಬಿದ್ದಷ್ಟೇ ಖರ್ಚು.

ಇಲ್ಲಿ ಹೇತ್ವಾಭಾಸವಿದೆ. ಏರುಪೇರಾಗಿ ಸವೆದ ಟೈರೂ ಗುಂಯ್‌ಗುಡುತ್ತದೆ. ಪರಿಹಾರ: ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಇಳಿಯಿರಿ. ದನಿ ಬದಲಾದರೆ ಟೈರು. ರಸ್ತೆಗೆ ಸೊಪ್ಪು ಹಾಕದೆ ಅದೇ ರಾಗ ಎಳೆದರೆ ಬೇರಿಂಗ್. ಎಡವೋ ಬಲವೋ ಎಂಬ ಸಂಶಯಕ್ಕೆ ತಿರುವು ಉತ್ತರ ಹೇಳುತ್ತದೆ. ಬಲಕ್ಕೆ ತಿರುಗುವಾಗ ಭಾರ ಎಡಕ್ಕೆ ವಾಲುತ್ತದೆ. ಆಗ ದನಿ ಏರಿದರೆ ಸಂಶಯ ಎಡ ಗಾಲಿಯ ಮೇಲೆ.

ಮೀಮಾಂಸಕರಿಗೆ ಶಬ್ದ ನಿತ್ಯ, ನೈಯಾಯಿಕರಿಗೆ ಅನಿತ್ಯ. ಕಾರಿನ ಮಾಲೀಕ ಮೀಮಾಂಸಕ: ಸದ್ದು ಸದಾ ಇದೆ, ಗ್ಯಾರೇಜಿನವರ ಎದುರು ಮಾತ್ರ ಪ್ರಕಟವಾಗಲಿಲ್ಲ. ಮಿಸ್ತ್ರಿ ನೈಯಾಯಿಕ: ಕೇಳದ ಸದ್ದಿಗೆ ಬಿಲ್ ಬರೆಯಲಾಗದು.

5. ಲಕ್ಷಣಖಂಡ

ಪೂರ್ತಿ ಸ್ಟೇರಿಂಗ್ ತಿರುಗಿಸಿ ಹೊರಟಾಗ ಕಟಕಟ: ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ರಬ್ಬರ್ ಬೂಟು ಹರಿದು ಗ್ರೀಸ್ ಹೊರಚೆಲ್ಲಿ ಮಣ್ಣು ಒಳಸೇರಿದ್ದರ ಫಲ.

ಕಿರ್ರ್: ಬ್ರೇಕ್ ಪ್ಯಾಡ್ ಸವೆದಾಗ ಪುಟ್ಟ ಲೋಹದ ಪಟ್ಟಿ ಡಿಸ್ಕಿಗೆ ತಾಗಲೆಂದೇ ಹಲವು ಪ್ಯಾಡುಗಳಲ್ಲಿ ಇಟ್ಟಿರುತ್ತಾರೆ. ಕಾರಿನಲ್ಲಿ ಮಾಲೀಕನನ್ನು ಬೈಯಲೆಂದೇ ನೇಮಕಗೊಂಡ ಏಕೈಕ ನೌಕರ ಇದು.

ಹಂಪ್ ಮೇಲೆ ದಡ್: ಬುಷ್, ಲಿಂಕ್ ಅಥವಾ ಬಾಲ್ ಜಾಯಿಂಟ್. ಕೊನೆಯದಾದರೆ ಪ್ರಬಂಧ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಗಾಡಿ ತೋರಿಸಿ. ಅದು ಕಳಚಿದರೆ ಗಾಲಿಯೇ ವಾಲಿಬಿಡುತ್ತದೆ.

ಸರಸರ: ಧುಪದಾಳ ಪಾಠದ ವಿಶೇಷ. ರಸ್ತೆಯಲ್ಲಿ ಬಿದ್ದ ಕಬ್ಬಿನ ರವದಿ ಶಾಫ್ಟಿಗೆ ಸುತ್ತಿಕೊಂಡಿದೆ. ಗಾಡಿ ಆರಿಸಿ, ಬಗ್ಗಿ, ಕೈಯಿಂದ ಎಳೆಯಿರಿ. ಖರ್ಚಿಲ್ಲದ ಈ ರೋಗವನ್ನು ವಿದ್ವಾಂಸರು ಕೊನೆಗೆ ಶಂಕಿಸುತ್ತಾರೆ.

6. ಸಿದ್ಧಾಂತ

“ಏನ್ ಆಗೇತ್ರಿ ಮಿಸ್ತ್ರಿ?”

“ಇನ್ನ ಗಾಲೀನ ಎತ್ತಿಲ್ರಿ ಸಾಹೇಬ್ರ. ಎತ್ತದ ಹೆಂಗ ಹೇಳ್ಲಿ?”

ಈ ಒಂದು ವಾಕ್ಯದಿಂದ ನಾಲ್ಕು ಮತಗಳೂ ಖಂಡಿತ. ಜಾಕ್ ಏರಿದ ಮೇಲೆ ಮಿಸ್ತ್ರಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುತ್ತಾನೆ: ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್. ಆಮೇಲೆ ಸ್ಪ್ರಿಂಗಿನ ಮೇಲೆ ಒಂದು ಕೈಯಿಟ್ಟು ಇನ್ನೊಂದರಿಂದ ಗಾಲಿ ತಿರುವುತ್ತಾನೆ. ಕಿವಿಗೆ ಸಿಗದ ಒರಟುತನ ಅಂಗೈಗೆ ಸಿಗುತ್ತದೆ. ಚಹಾದಂಗಡಿಯ ಪಂಡಿತಸಭೆ ಒಂದು ತಾಸಿನಲ್ಲಿ ಮುಟ್ಟದ ನಿರ್ಣಯವನ್ನು ಒಂದು ಮುಷ್ಟಿ ಮುಟ್ಟುತ್ತದೆ. ಕಾರಣ, ಸಭೆಯಲ್ಲಿ ಯಾರೂ ಗಾಲಿಯನ್ನು ಮುಟ್ಟಿರಲಿಲ್ಲ.

7. ಫಲಶ್ರುತಿ

ಇದನ್ನು ಓದಿದವನ ಬಿಲ್ ಕಡಿಮೆಯಾಗದು, ಆದರೆ ಯಾವುದಕ್ಕೆ ಬಿತ್ತೆಂದು ತಿಳಿಯುತ್ತದೆ. ಓದಿ ಗಾಲಿ ಎತ್ತಿಸಿದವನು ಘಟಪ್ರಭಾ ದಾಟಿ ಗೋಕಾಕದವರೆಗೆ ನಿಶ್ಶಬ್ದವಾಗಿ ಹೋಗುತ್ತಾನೆ. ಗಾಲಿ ಎತ್ತದೆ ವ್ಯಾಖ್ಯಾನ ಮಾಡಿದವನು ಮುಂದಿನ ಜನ್ಮದಲ್ಲಿ ಕಬ್ಬು ಹೇರಿದ ಎರಡನೇ ಟ್ರ್ಯಾಲಿಯ ಗಾಲಿಯಾಗಿ ಹುಟ್ಟುತ್ತಾನೆ. ಎಷ್ಟು ಕಿರುಚಿದರೂ ಮುಂದಿನ ಸ್ಪೀಕರಿನ ಹಾಡಿನಲ್ಲಿ ಅವನ ದನಿ ಯಾರಿಗೂ ಕೇಳಿಸುವುದಿಲ್ಲ.